ಮೂರನೆಯ ಭಾನುವಾರದ ಅಡ್ಡಿ

ಒಂದು ಜನವರಿಯಲ್ಲಿ ನಾನು ಕೆಮ್ಮಿದ್ದಕ್ಕೆ ಕಳಸದಿಂದ ಮೂಡಿಗೆರೆಯವರೆಗೆ ಕಾಫಿ ಗಿಡಗಳೆಲ್ಲ ಹೂಮಳೆಗೂ ಕಾಯದೆ ಒಂದೇ ಬೆಳಿಗ್ಗೆ ಹೂ ಬಿಟ್ಟವು. ಬೆಂಗಳೂರಿನಿಂದ ಬಂದ ವಿಜ್ಞಾನಿಗಳು ನನ್ನ ಗಂಟಲಿಗೆ ಟಾರ್ಚು ಹಾಕಿ ನೋಡಿ, ಒಳಗೆ ಸಿಡಿಲು ಕೂತಿದೆ ಎಂದು ಬರೆದುಕೊಂಡು ಹೋದರು. ಇಂಥ ಗಂಟಲಿನ ಈ ಇನ್ನಾಸಪ್ಪ ಸಂಸೆಯ ಮೇಲಿನ ಎಸ್ಟೇಟಿನಲ್ಲಿ, ಆಳುಗಳ ಲೈನಿನ ಎರಡು ಕೋಣೆಯ ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದಾನೆಂದರೆ ಅದು ಅವನ ವಿನಯ.

ನಮ್ಮ ಎಸ್ಟೇಟಿನ ಇಗರ್ಜಿಯಿಂದ ಜಾತಿ, ಬಣ್ಣ, ಕುಲ ಎಂಬ ಮೂರು ಪಿಶಾಚಿಗಳನ್ನು ಓಡಿಸಿದವನೂ ನಾನೇ.

ಮೊದಲು ಇಗರ್ಜಿಯ ವ್ಯವಸ್ಥೆ ಹೇಳುತ್ತೇನೆ. ದೇವರ ಮುಂದೆ ಎಲ್ಲರೂ ಸಮಾನ. ಆದ್ದರಿಂದ ಎದುರಿಗೆ ಮೆತ್ತೆ ಹಾಕಿದ ನಾಲ್ಕು ಕುರ್ಚಿ, ಅವು ತೋಟದ ಮಾಲೀಕರಾದ ಬೋನಿಫಾಸ್ ಸಾವ್ಕಾರ್ರ ಕುಟುಂಬಕ್ಕೆ. ಅವರ ಹಿಂದೆ ಬೆಂಚು, ಅದು ರೈಟರ್, ಮೇಸ್ತ್ರಿ, ಪೇಟೆಯವರಿಗೆ. ಅದರ ಹಿಂದೆ ಚಾಪೆ, ಅದು ನಮಗೆ. ನನ್ನಪ್ಪ ಮಾರಯ್ಯ ಜ್ಞಾನಸ್ನಾನ ಪಡೆದು ಮರಿಯಪ್ಪ ಆದಾಗ, ಹೊಲೆಯನೆಂದು ಯಾರೂ ಕರೆಯಬಾರದೆಂದು ಗುರುಗಳು ಕಟ್ಟಪ್ಪಣೆ ಮಾಡಿದ್ದರು. ಯಾರೂ ಕರೆಯಲಿಲ್ಲ. ಚಾಪೆ ಹಾಸಿಕೊಟ್ಟರು, ಅಷ್ಟೆ. ಈಗ ಐದಾರು ವರ್ಷದಿಂದ ಅಸ್ಸಾಮಿನ ಚಹಾ ತೋಟಗಳ ಕಡೆಯಿಂದ ಆಳುಗಳು ಬರುತ್ತಿದ್ದಾರೆ. ಅವರೂ ಕ್ರೈಸ್ತರೇ, ನಮಗಿಂತ ಎರಡು ತಲೆಮಾರು ಹಳಬರು. ಅವರಿಗೆ ಜಗಲಿ. ಎಲ್ಲರೂ ಚಪ್ಪಲಿ ಬಿಡುವ ಜಾಗ.

ಆ ಜಗಲಿಯಲ್ಲಿ ಕೂರುತ್ತಿದ್ದವನು ಪತ್ರಸ್ ತಿರ್ಕಿ. ನನ್ನ ಮಗಳು ರೆಜಿನಾ ಒಳಗೆ ಹಾಡು ಎತ್ತಿದರೆ ಅವನು ಕಿಟಕಿಯ ಹೊರಗಿನಿಂದ ದಪ್ಪ ಸ್ವರ ಕೂಡಿಸುತ್ತಿದ್ದ. ಎರಡು ವರ್ಷ ಹೀಗೆ ಕಿಟಕಿಯ ಮೂಲಕವೇ ಹಾಡಿ ಮದುವೆಗೆ ಒಪ್ಪಿಕೊಂಡರು. ನಾನು ಅಪ್ಪನಾಗಿ ಏನು ಮಾಡಿದೆ? ಹುಡುಗನನ್ನು ಅಪ್ಪಿಕೊಂಡು, "ನೀನು ಇದ್ದಿಲಿನಂತೆ ಕಪ್ಪಗಿದ್ದರೂ ನನಗೆ ಮಗನೇ" ಎಂದೆ. ನಾನು ಹಾಲಿನ ಬಣ್ಣದವನು. ಹಾಲು ಸೀದಾಗ.

ಮದುವೆಗೆ ರಜೆ ಕೇಳಲು ಕಣಕ್ಕೆ ಹೋದೆ. ಸಾವ್ಕಾರ್ರು ಸಿಪ್ಪೆ ತೆಗೆದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯ ಪಕ್ಕ ನಿಂತು ಹಲ್ಲು ಚುಚ್ಚಿಕೊಳ್ಳುತ್ತಿದ್ದರು.

"ಏ ಇನ್ನಾಸ, ಹಣ್ಣು ಗಿಡದಲ್ಲಿ ಉದುರ್ತಾ ಇರೋವಾಗ ನಿಂಗೆ ಮದ್ವೆ ಬೇರೆ ಕೇಡಾ? ಅದೂ ಆ ಕರಿ ಬಾಂಗ್ಲಾ ಸೂಳೇಮಗನ ಜೊತೆ? ನಿಮ್ಮ ಜನಕ್ಕೆ ಇನ್ನೂ ಕೆಳಗೆ ಇಳಿಯಕ್ಕೆ ಜಾಗ ಇತ್ತೇನೋ?"

"ಬಾಂಗ್ಲಾ ಅಲ್ಲ ಸಾವ್ಕಾರ್ರೆ, ಅಸ್ಸಾಮು. ಕ್ರಿಸ್ತುವ್ರು."

"ನೀನೂ ಕ್ರಿಸ್ತುವನೇ. ಹಂಗಂತ ನಮ್ಮನೆ ಟೇಬಲಿಗೆ ಕರ್ದು ಊಟಕ್ಕೆ ಕೂರಿಸ್ಲಾ?"

ನಾನು ಎಂಥ ನೋಟ ನೋಡಿದೆನೆಂದರೆ ಸಾವ್ಕಾರ್ರು ಗಡಗಡ ನಡುಗಿ ಕಾರು ಹತ್ತಿದರು. ಅವರಿಗೆ ಮೊದಲೇ ಮೂಡಿಗೆರೆಗೆ ಹೋಗುವುದಿತ್ತು ಎಂದು ಹೇಳುವವರು ಹೊಟ್ಟೆಕಿಚ್ಚಿನವರು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯ ಹೊತ್ತಿಗೆ ಗಂಡು ಹೆಣ್ಣಿನ ಹೆಸರು ಓದುತ್ತಾರೆ. ಅಡ್ಡಿ ತಿಳಿದವರು ಎದ್ದು ಹೇಳಬೇಕು. ಎರಡು ಭಾನುವಾರ ಯಾರೂ ಏಳಲಿಲ್ಲ. ಮೂರನೆಯ ಭಾನುವಾರ ಫಾದರ್ ಹೆಸರು ಓದಿ ತಲೆ ಎತ್ತುವಷ್ಟರಲ್ಲಿ ಸಾವ್ಕಾರ್ರು ಎದ್ದರು. "ಅಡ್ಡಿ ಇದೆ" ಎಂದರು. ನಾನೂ ಎದ್ದೆ. "ಯಾವನಿಗೋ ಅಡ್ಡಿ?" ಎಂದು ಒಂದೇ ಗರ್ಜನೆ! ಹನ್ನೆರಡು ಮೊಂಬತ್ತಿ ಒಟ್ಟಿಗೆ ಆರಿದವು. ಸಾವ್ಕಾರ್ರ ಸುಳ್ಳುಕೂದಲಿನ ಟೋಪನ್ ಹಾರಿ ಸಂತ ಅಂತೋನಿಯ ಪ್ರತಿಮೆಯ ಕೈಮೇಲೆ ಕೂತಿತು. ಬೋಳುತಲೆಯ ಸಾವ್ಕಾರ್ರನ್ನು ಕೈಹಿಡಿದು ನಡೆಸಿ ಚಾಪೆಯ ಮೇಲೆ ಕೂರಿಸಿದೆ. ಅಸ್ಸಾಮಿನವರನ್ನೆಲ್ಲ ಮೆತ್ತೆಯ ಕುರ್ಚಿಗೆ ಏರಿಸಿದೆ. ನಾಲ್ಕೇ ಕುರ್ಚಿಯಲ್ಲಿ ಅರವತ್ತು ಜನ. ಅದೂ ಒಂದು ಪವಾಡವೇ. ಸಾವ್ಕಾರ್ರು ಅಳುತ್ತಾ, "ಇನ್ನಾಸಪ್ಪನವರೇ, ನನ್ನ ಕಣ್ಣು ತೆರೆಸಿದಿರಿ" ಎಂದರು.

ಈ ಸಂಗತಿಯನ್ನು ಅಬ್ದುಲ್ ಮಜೀದ್ ಸಾಬರ ಹೋಟೆಲಿನಲ್ಲಿ ನಾನು ನೂರು ಸಲ ಹೇಳಿದ್ದೇನೆ. ಬಸ್ಸಿಗೆ ಕಾಯುವವರಿಗೆ ಬೇರೆ ಕೆಲಸವಿರುವುದಿಲ್ಲ. ನೂರ ಒಂದನೆಯ ಸಲ ಹೇಳಿ ಮುಗಿಸಿ, ಗ್ಲಾಸು ಎತ್ತಿ ಸುತ್ತಲೂ ನೋಡುತ್ತೇನೆ, ಯಾರೂ ನಗುತ್ತಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದಾರೆ. ಬ್ರೆಡ್ಡು ಕೊಳ್ಳಲು ಬಂದ ನನ್ನ ಹೆಂಡತಿ ಜ್ಞಾನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಥೂ, ನಿನ್ನ ಬಾಯಿಗೆ ಬೂದಿ ಹಾಕ. ಸಾವ್ಕಾರ ಎದ್ನಾ? ಅವತ್ತು ಸಾವ್ಕಾರ ಕುಂಡಿ ಅಲ್ಲಾಡಿಸ್ಲಿಲ್ಲ. ಎದ್ದು ನಿಂತವ ಯಾರು, ಹೇಳು."

"ಸುಮ್ನಿರೆ ಮಾರಾಯ್ತಿ, ಜನ ಇದಾರೆ."

"ಜನ ಇರ್ಲಿ ಅಂತ್ಲೇ ಕೇಳ್ತಾ ಇರೋದು."

"ಇನ್ನಾಸಣ್ಣ," ಮಜೀದ್ ಸಾಬರು ಬಟ್ಟೆಯಿಂದ ಮೇಜು ಒರೆಸುತ್ತಾ ಹೇಳಿದರು, "ನಂಗೆ ಗೊತ್ತುಂಟು. ಮದ್ವೆಗೆ ಜೀಪು ಓಡ್ಸಿದ್ದು ನಾನಲ್ವಾ? ನೀವೇ ಹೇಳ್ತೀರೇನೋ ಅಂತ ನೂರು ಸಲ ಕಾದೆ."

ಗ್ಲಾಸು ಕೆಳಗಿಟ್ಟೆ. ಹೇಳಿದೆ.

ಎದ್ದು ನಿಂತವನು ನಾನು. ಮದುವೆಗೆ ಹೆಸರು ಕೊಟ್ಟವರು ತಾಯಿ ಮಗಳು. ಎರಡು ಭಾನುವಾರ ನಾನು ಕುಡಿದು ಮಲಗಿದ್ದೆ. ಮೂರನೆಯ ಭಾನುವಾರ ಎಚ್ಚರವಿತ್ತು.

"ಅಡ್ಡಿ ಇದೆ ಫಾದರ್" ಎಂದೆ.

"ಎಂತ ಅಡ್ಡಿ ಇನ್ನಾಸಪ್ಪ? ಹುಡುಗನಿಗೆ ಊರಲ್ಲಿ ಮದುವೆ ಆಗಿದೆಯಾ?"

"ಇಲ್ಲ."

"ಜ್ಞಾನಸ್ನಾನ ಆಗಿಲ್ವಾ?"

"ಅವನ ಅಜ್ಜನಿಗೂ ಆಗಿದೆ."

"ಮತ್ತೆ?"

"ಬಣ್ಣ ನೋಡಿ ಫಾದರ್. ಇಲಿ ತಿನ್ನೋ ಜನ. ನಾಳೆ ಬೀಗರು ಅಂತ ನಮ್ಮ ಚಾಪೆ ಮೇಲೆ ಬಂದು ಕೂತ್ರೆ ನಮ್ಮ ಮರ್ಯಾದೆ ಎಂತ ಆಗ್ಬೇಕು?"

ಎದುರಿನ ಕುರ್ಚಿಯಿಂದ ಸಾವ್ಕಾರ್ರು ಹಿಂದೆ ತಿರುಗಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

"ಶಾಬಾಷ್ ಇನ್ನಾಸ! ಈಗ ತಿಳೀತಲ್ಲ, ನಾವು ನಿಮ್ಮನ್ನ ಯಾಕೆ ಚಾಪೆ ಮೇಲೆ ಇಟ್ಟಿದೀವಿ ಅಂತ?"

ಬೆಂಚಿನವರು ನಕ್ಕರು. ನಾನೂ ನಕ್ಕೆ. ಕೈಮುಗಿದು, "ಹೌದು ಸಾವ್ಕಾರ್ರೆ" ಎಂದೆ.

ರೆಜಿನಾ ಹಾಡಿನವರ ಸಾಲಿನಿಂದ ಇಳಿದು ಬಂದಳು. ನನಗೆ ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ. ಬಗ್ಗಿ ಚಾಪೆಯ ತುದಿ ಹಿಡಿದಳು.

"ಏಳಿ ಎಲ್ರೂ. ಏಳವ್ವ. ಇಷ್ಟು ವರ್ಷ ಕೂತಿದ್ದು ಸಾಕು."

"ಎಲ್ಲಿಗೆ ಮಗಾ?" ಜ್ಞಾನಮ್ಮ ಕೇಳಿದಳು.

"ಹೊರಗೆ. ಒಳಗೆ ಜಾಗ ಇಲ್ಲ ಅಂದ್ರೆ ಯೇಸು ಸ್ವಾಮಿನೂ ಚಪ್ಪಲಿ ಹತ್ರನೇ ಕೂತಿರ್ತಾನೆ."

ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋಗಿ ಜಗಲಿಯಲ್ಲಿ ಹಾಸಿದಳು. ಚಪ್ಪಲಿಗಳನ್ನು ಕಾಲಿನಿಂದ ಅಂಗಳಕ್ಕೆ ತಳ್ಳಿದಳು. ಅದರಲ್ಲಿ ಸಾವ್ಕಾರ್ರ ಹೊಳೆಯುವ ಬೂಟೂ ಇತ್ತು. ಜ್ಞಾನಮ್ಮ ಎದ್ದು ಹೋದಳು. ಲೈನಿನವರು ಒಬ್ಬೊಬ್ಬರಾಗಿ ಎದ್ದು ಹೋದರು, ಕೆಲವರು ಗೊಣಗುತ್ತಾ, ಮುದುಕರು ಗೋಡೆ ಹಿಡಿದುಕೊಂಡು. ಅಸ್ಸಾಮಿನವರು ಸರಿದು ಜಾಗ ಕೊಟ್ಟರು. ಫಾದರ್ ಪ್ರಸಾದದ ಪಾತ್ರೆ ಹಿಡಿದು ಮೆತ್ತೆಯ ಕುರ್ಚಿಗಳ ಪಕ್ಕದಿಂದ ನಡೆದು ಜಗಲಿಗೆ ಹೋದರು. ಅಂದು ಮೊದಲ ಪ್ರಸಾದ ಅಲ್ಲಿ. ಸಾವ್ಕಾರ್ರು ಬಾಯಿ ತೆರೆದುಕೊಂಡು ಕಾದರು. ಒಳಗೆ ಬರಿನೆಲದ ಮೇಲೆ ಉಳಿದವನು ನಾನೊಬ್ಬನೇ.

ಮದುವೆಗೂ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಕೂತಿದ್ದೆ. ಮಧ್ಯಾಹ್ನ ರೆಜಿನಾ ಬಂದು ಬಾಗಿಲು ಬಡಿದಳು.

"ಅಪ್ಪ, ತೆಗಿ. ಬೀಗರು ಅಂತ ನಿನ್ನ ಕಾಲು ತೊಳೀದೆ ಅವ್ರು ಊಟಕ್ಕೆ ಕೂರಲ್ವಂತೆ. ಅವ್ರ ಪದ್ಧತಿ. ಇನ್ನೂರು ಜನ ಹಂದಿ ಸಾರಿನ ವಾಸನೆ ಕುಡ್ಕೊಂಡು ಕೂತಿದಾರೆ."

ತೆಗೆದೆ. ಪತ್ರಸನ ತಾಯಿ ನಿಂತಿದ್ದಳು. ಮೂರು ದಿನ ರೈಲಿನಲ್ಲಿ ಕೂತು ಬಂದವಳು, ಕಾಲು ಇನ್ನೂ ಊದಿಕೊಂಡಿತ್ತು. ಕೈಯಲ್ಲಿ ಹಿತ್ತಾಳೆ ಚೊಂಬು, ಹೆಗಲ ಮೇಲೆ ಹೊಸ ಟವೆಲು. ಕನ್ನಡ ಒಂದಕ್ಷರ ಬಾರದು. ಅವಳು ನನ್ನ ಪಾದಕ್ಕೆ ಕೈಹಾಕಿದಾಗ ನಾನು, "ಅಯ್ಯೋ, ಮಾಟ! ಅಸ್ಸಾಮಿನ ಮಾಟ!" ಎಂದು ಕೂಗಿದೆ.

ಅವಳು ನಗಲಿಲ್ಲ, ಬೈಯಲೂ ಇಲ್ಲ. ಹೊಸ್ತಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಗದ್ದಲ ಮುಗಿಯಲಿ ಎಂಬಂತೆ ಕಾದಳು. ಆಮೇಲೆ ನೀರು ಹಾಕಿದಳು. ಒಡೆದ ಹಿಮ್ಮಡಿ, ಜಿಗಣೆ ಕಚ್ಚಿದ ಕಲೆ, ಉಗುರಿನ ಸಂದಿಯ ಮಣ್ಣು, ಒಂದನ್ನೂ ಬಿಡದೆ ತೊಳೆದಳು. ಅವಳ ಕೈ ನನ್ನ ಕಾಲಿನ ಬಣ್ಣವೇ ಇತ್ತು. ಐವತ್ತೆಂಟು ವರ್ಷದಲ್ಲಿ ನನ್ನ ಕಾಲನ್ನು ಇನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ಆ ಮದುವೆಯಲ್ಲಿ ನಾನು ಮಾಡಿದ ಕೆಲಸ ಇಷ್ಟೇ, ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಜ್ಞಾನಮ್ಮ ನನ್ನನ್ನೇ ನೋಡುತ್ತಿದ್ದಳು.

ಇಲ್ಲ, ಅದೂ ಸುಳ್ಳು. ಮೂರು ಸಲ ಎಳೆದುಕೊಂಡೆ. ಬೀಗಿತ್ತಿ ಬಿಡಲಿಲ್ಲ.