ದಾಳಿಕೋರರ ಪಟ್ಟಿಯಲ್ಲೊಂದು ದ್ವೀಪ

ಸುರಬಾಯದ ನಮ್ಮ ಆಸ್ಪತ್ರೆಯ ನೆಟ್‌ವರ್ಕಿನ ಮೇಲೆ ಆ ಮಂಗಳವಾರ ಬೆಳಿಗ್ಗೆ ದಾಳಿಯಾಯಿತು. ಸಾವಿರಾರು ವಿಳಾಸಗಳಿಂದ ಒಂದೇ ಸಮನೆ ಸುಳ್ಳು ಸಂದೇಶಗಳು ಬಂದು ಬಿದ್ದವು. ಸಂದೇಶಗಳನ್ನು ಒಳಬಿಡುವ ಹಳೆಯ ಸ್ವಿಚ್‌ಗಳಿದ್ದಿದ್ದರೆ ಐಸಿಯುವಿನ ಪರದೆಗಳೂ ಕಪ್ಪಾಗುತ್ತಿದ್ದವು. ಹಾಗಾಗಲಿಲ್ಲ. ನಮ್ಮ ಕಂಪ್ಯೂಟರ್ ವಿಭಾಗದ ವಿದ್ಯಾಸ್ತುತಿ, ನಮಗೆಲ್ಲ ತುತಿ, ಎರಡು ವರ್ಷ ಕೂತು ಹೊಸ ಸ್ವಿಚ್‌ಗಳಿಗೆ ಪ್ರೋಗ್ರಾಂ ಬರೆದಿದ್ದಳು. ಬರುವ ಪ್ರತಿಯೊಂದು ಸಂದೇಶದ ನಡತೆಯನ್ನು ಸ್ವಿಚ್ ತಾನೇ ಗಮನಿಸಿ, ಅನುಮಾನ ಬಂದರೆ ಅಲ್ಲೇ ಬಿಸಾಡುತ್ತಿತ್ತು. ದಾಳಿ ಮಧ್ಯಾಹ್ನದವರೆಗೂ ನಡೆಯಿತು. ವಾರ್ಡುಗಳಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ನಮ್ಮ ಮುಖ್ಯಸ್ಥರಾದ ಹಾರ್ತೊಯೊ ಖುಷಿಗೆ ಎಲ್ಲರಿಗೂ ರಾವೊನ್ ಮಾಂಸದ ಸಾರು, ಅನ್ನ ತರಿಸಿದರು. ತುತಿ ಊಟಕ್ಕೆ ಬರಲಿಲ್ಲ. ಸ್ವಿಚ್ ಬಿಸಾಡಿದ ವಿಳಾಸಗಳ ಪಟ್ಟಿಯನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದಳು. ಪಕ್ಕದ ಮೇಜು ನನ್ನದು. ಸ್ವಲ್ಪ ಹೊತ್ತಿಗೆ ಅವಳು, "ಇಲ್ನೋಡು, ಇದು ನಮ್ಮದೇ ಅಲ್ವಾ?" ಎಂದಳು.

ನಮ್ಮದೇ. ಕಂಗೆಯಾನ್ ಕಡೆಯ ಒಂದು ಪುಟ್ಟ ದ್ವೀಪದ ಚಿಕಿತ್ಸಾಲಯ. ಅಲ್ಲಿ ವೈದ್ಯರಿಲ್ಲ, ಜುಮೈದಿ ಎಂಬ ನರ್ಸ್ ಒಬ್ಬನೇ. ಎದೆನೋವಿನವರು ಬಂದರೆ ಇಸಿಜಿ ತೆಗೆದು ಉಪಗ್ರಹದ ಮೂಲಕ ನಮಗೆ ಕಳಿಸುತ್ತಾನೆ, ಇಲ್ಲಿಯ ವೈದ್ಯರು ಓದಿ ಔಷಧ ಹೇಳುತ್ತಾರೆ. ಅಂದು ಬೆಳಿಗ್ಗೆ ಅವನು ಹನ್ನೊಂದು ಸಲ ಕಳಿಸಿದ್ದ. ಸಂಪರ್ಕ ನಿಧಾನವಾದ್ದರಿಂದ ಅವನ ಯಂತ್ರ ಪ್ರತಿ ಸಲವೂ ಬಡಬಡನೆ ಮತ್ತೆ ಮತ್ತೆ ಬಾಗಿಲು ತಟ್ಟಿತ್ತು. ಹಾಗೆ ತಟ್ಟುವವರು ದಾಳಿಕೋರರು ಎಂದು ತುತಿಯೇ ಬರೆದಿದ್ದಳು. ತಟ್ಟಿದಷ್ಟೂ ಬಾಗಿಲು ಹೆಚ್ಚು ಹೊತ್ತು ಮುಚ್ಚಿರಬೇಕು ಎಂದೂ ಬರೆದಿದ್ದಳು. ಅವನ ಫೋನು ಕೂಡ ಅದೇ ದಾರಿಯಲ್ಲಿ ಬರಬೇಕಿತ್ತು, ಅದೂ ಬರಲಿಲ್ಲ.

ಕೊನೆಗೆ ಜುಮೈದಿ ಬಂದರಿನ ರೇಡಿಯೊದಲ್ಲಿ ನಮ್ಮ ವೈದ್ಯರಿಗೆ ಸುದ್ದಿ ಮುಟ್ಟಿಸಿದಾಗ ಮುಕ್ಕಾಲು ಗಂಟೆ ಕಳೆದಿತ್ತು. ಎದೆನೋವೆಂದು ಬಂದಿದ್ದ ರುಸ್ಲಾನ್ ಎಂಬ ಮೀನುಗಾರ, ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಿದ್ದ ದೋಣಿಯಲ್ಲೇ ತೀರಿಕೊಂಡ. ಬೇಗ ಗೊತ್ತಾಗಿದ್ದರೆ ಉಳಿಯುತ್ತಿದ್ದನೇ ಎಂದು ತುತಿ ಹೃದಯದ ವೈದ್ಯರನ್ನು ಕೇಳಿದಳು. "ಉಳೀಬಹುದಿತ್ತು. ಹೇಳೋಕಾಗಲ್ಲ," ಎಂದರು ಅವರು.

ಹಾರ್ತೊಯೊ ನಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರು. "ತುತಿ, ನಿನ್ನ ಪ್ರೋಗ್ರಾಂ ಇಲ್ದಿದ್ರೆ ಇವತ್ತು ಐಸಿಯುನಲ್ಲಿ ಎಷ್ಟು ಜನ ಹೋಗ್ತಿದ್ರು, ಯೋಚ್ನೆ ಮಾಡು. ಇದನ್ನ ಕೆದಕಬೇಡ."

"ಅದೂ ನಿಜ ಸರ್. ಇದೂ ನಿಜ."

"ಯಾರೂ ಕೇಳಿಲ್ವಲ್ಲಮ್ಮ!"

"ಅದಕ್ಕೇ ನಾನು ಹೇಳ್ಬೇಕು."

ಮರುದಿನ ಅವಳು ಜುಮೈದಿಗೆ ಫೋನು ಮಾಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ. "ನಾನೇ ಯಾವ್ದೋ ತಪ್ಪು ಗುಂಡಿ ಒತ್ತಿದೀನಿ ಮೇಡಂ. ರುಸ್ಲಾನ್ ಅವರ ಹೆಂಡ್ತಿ ನನ್ನ ಮುಖಕ್ಕೇ ಹೇಳಿದ್ರು, ಯಂತ್ರ ಗೊತ್ತಿಲ್ದವನು ಯಾಕೆ ಕೂತಿದೀಯಾ ಅಂತ. ಮಸೀದಿಗೆ ಹೋಗೋಕೂ ಮುಖ ಇಲ್ಲ."

ತುತಿ ನಡೆದದ್ದನ್ನು ಹೇಳಿದಳು.

"ಅಂದ್ರೆ, ನಾನು ಕಳಿಸ್ದಷ್ಟೂ ಅದು ನನ್ನ ದೂರ ತಳ್ತಾ ಇತ್ತಾ?"

"ಹೂಂ. ನಾನು ಹಾಗೆ ಬರ್ದಿದ್ದೆ."

"ನೀವೇ ಬಂದು ಅವರಿಗೆ ಹೇಳಿ ಮೇಡಂ. ನಾನು ಹೇಳಿದ್ರೆ ನೆಪ ಅಂತಾರೆ."

ಆ ವಾರ ಅವಳು ನಿಯಮ ಬದಲಿಸಿದಳು. ಅನುಮಾನ ಬಂದದ್ದನ್ನು ಸ್ವಿಚ್ ಈಗ ಬಿಸಾಡುವುದಿಲ್ಲ. ಬೇರೆ ಸಾಲಿನಲ್ಲಿ ನಿಲ್ಲಿಸಿ ನಮ್ಮಲ್ಲೊಬ್ಬರನ್ನು ಕರೆಯುತ್ತದೆ. ಆಮೇಲೆ ರಜೆ ಹಾಕಿ, ಹಡಗು ಹತ್ತಿ, ದ್ವೀಪಕ್ಕೆ ಹೋದಳು.

ರುಸ್ಲಾನನ ಹೆಂಡತಿ ಸಾವೊನಾ ಕಂಬಗಳ ಮೇಲೆ ಕಟ್ಟಿದ ತಮ್ಮ ಮನೆಯ ಮೆಟ್ಟಿಲಲ್ಲೇ ಕೂತು ಎಲ್ಲ ಕೇಳಿಸಿಕೊಂಡಳಂತೆ. ಅಳಲಿಲ್ಲ. "ನೀನು ಹೇಳಿದ್ದಾಯ್ತಲ್ಲ, ಇನ್ನು ಹೊರಡು," ಎಂದಳು. ತುತಿ ಎದ್ದಳು. ಅಂಗಳದಾಚೆ ನಿಂತಿದ್ದ ಜುಮೈದಿಯೂ ತಿರುಗಿ ಹೊರಟ.

"ನೀನೆಲ್ಲಿಗೆ?" ಎಂದು ಸಾವೊನಾ ಅವನನ್ನು ಕೂಗಿದಳು. "ಬಾ ಒಳಗೆ. ಅನ್ನ ಇದೆ."

ತುತಿ ಒಬ್ಬಳೇ ಜೆಟ್ಟಿಗೆ ನಡೆದಳು.

ಹಾರ್ತೊಯೊ ಅವಳನ್ನು ಆ ಕೆಲಸದಿಂದ ತೆಗೆದು ಕಂಪ್ಯೂಟರ್ ರಿಪೇರಿ ವಿಭಾಗಕ್ಕೆ ಹಾಕಿದರು. ಪ್ರೋಗ್ರಾಂ ನೋಡಿಕೊಳ್ಳುವವನು ಈಗ ನಾನು. ಆಮೇಲೆ ಎರಡು ಸಲ ದಾಳಿಯಾಗಿದೆ. ನಿಂತ ಸಾಲಿನಲ್ಲಿ ಯಾರು ಕಳ್ಳ, ಯಾರು ರೋಗಿ ಎಂದು ನಾನೇ ಆರಿಸಬೇಕು. ಒಮ್ಮೆ ಐಸಿಯುವಿನ ಪರದೆಗಳು ನಾಲ್ಕು ನಿಮಿಷ ತಡವರಿಸಿದವು. ಯಾರು ಯಾರೆಂದು ತಿಳಿಯದಾಗ ತುತಿಗೆ ಫೋನು ಮಾಡುತ್ತೇನೆ. ಅವಳು ಬರುತ್ತಾಳೆ, ಪಕ್ಕದಲ್ಲಿ ಕೂರುತ್ತಾಳೆ. ಅವಳಿಗೂ ಗೊತ್ತಾಗುವುದಿಲ್ಲ.