ಕೋರಲ್ ಹೆನ್ಸ್ಲಿಯ ಹೆಬ್ಬೆರಳು

ಜನವರಿಯ ಹಾಡಿನ ಹಬ್ಬ ಮುಗಿದು ಎಂಟು ದಿನವಾಗಿತ್ತು. ಹಬ್ಬದ ಹತ್ತು ದಿನ ಟ್ಯಾಮ್‌ವರ್ತಿನ ಪೀಲ್ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಗೊಬ್ಬ ಹಾಡುಗಾರ, ಅವನ ಮುಂದೆ ಬಾಯ್ದೆರೆದ ಗಿಟಾರಿನ ಪೆಟ್ಟಿಗೆ. ಈಗ ಅದೇ ಬೀದಿಯಲ್ಲಿ ಬರೀ ಬಿಸಿಲು. ಕ್ಲೆಮ್ ಬರ್ಡೆಕಿನ್‌ಗೆ ವರ್ಷದಲ್ಲೇ ಕಷ್ಟದ ವಾರ ಇದು. ಹಬ್ಬದಲ್ಲಿ ಅವನೇನೂ ಹೆಚ್ಚು ಮಾತಾಡಿದವನಲ್ಲ. ಸುತ್ತ ಗದ್ದಲವಿದ್ದಾಗ ಸುಮ್ಮನಿರುವುದು ಯಾರಿಗೂ ಕಾಣುವುದಿಲ್ಲ, ತನಗೂ ಕಾಣುವುದಿಲ್ಲ, ಅಷ್ಟೇ.

ಅವನದು ಗಿಟಾರು ರಿಪೇರಿ ಮಾಡುವ, ಒಂದಿಷ್ಟು ಮಾರುವ ಸಣ್ಣ ಅಂಗಡಿ. ಗಲ್ಲಾದ ಹಿಂದಿನ ಗೋಡೆಯಲ್ಲಿ ಎರಡು ಗಿಟಾರುಗಳು ಅಕ್ಕಪಕ್ಕ ನೇತಾಡುತ್ತಿದ್ದವು. ಮೆಲ್ಬರ್ನಿನ ಒಂದೇ ಕಾರ್ಖಾನೆಯವು, ನೋಡಲು ಅವಳಿಜವಳಿ. ಆದರೆ ಒಂದರ ಕುತ್ತಿಗೆಯ ಮೇಲೆ, ತಂತಿ ಒತ್ತುವ ಹನ್ನೆರಡನೇ ಮೆಟ್ಟಿನ ಹತ್ತಿರ, ಮುತ್ತಿನ ಚಿಪ್ಪಿನಲ್ಲಿ ಕೆತ್ತಿ ಕೂರಿಸಿದ ಸಹಿ ಇತ್ತು: ಕೋರಲ್ ಹೆನ್ಸ್ಲಿ. ಆ ಸಹಿ ಇರುವುದಕ್ಕೆ ಬೆಲೆ ಹನ್ನೊಂದು ನೂರು ಡಾಲರ್ ಹೆಚ್ಚು. ಹಾಡುಗಾರ್ತಿ ಕೋರಲ್ ತೀರಿಕೊಂಡು ಏಳು ವರ್ಷವಾಗಿತ್ತು. ಅಷ್ಟೂ ವರ್ಷ ಆ ಗಿಟಾರು ಅಲ್ಲೇ ಇತ್ತು.

ಅದರ ಬೆಲೆ ಕೇಳಿದವರಿಗೆಲ್ಲ ಕ್ಲೆಮ್ ಒಂದೇ ಮಾತು ಹೇಳುತ್ತಿದ್ದ. "ಮರ ಒಂದೇ, ತಂತಿ ಒಂದೇ, ಅಂಟೂ ಒಂದೇ. ಹೆಚ್ಚಿನ ದುಡ್ಡು ಆ ಹೆಸರಿಗೆ. ಹೆಸರೇನು ನುಡಿಯುತ್ತಾ?" ಜನ ನಕ್ಕು, ಪಕ್ಕದ್ದನ್ನು ಕೊಂಡು ಹೋಗುತ್ತಿದ್ದರು. ಖಾಲಿಯಾದ ಕೊಕ್ಕೆಗೆ ಅವನು ಅಂಥದ್ದೇ ಇನ್ನೊಂದನ್ನು ತಂದು ತೂಗುಹಾಕುತ್ತಿದ್ದ. ಎದುರು ಬೇಕರಿಯ ಗ್ರೇಮ್ ಅಂತೂ, "ನಿನ್ನಂಥ ಸತ್ಯವಂತ ಬೇಕರಿ ಇಟ್ಟಿದ್ದರೆ ಊರೆಲ್ಲ ಮನೇಲೇ ಅಡುಗೆ ಮಾಡ್ಕೊಳ್ತಿತ್ತು ಕಣೋ" ಎನ್ನುತ್ತಿದ್ದ.

ಅದು ಪೂರ್ತಿ ಸತ್ಯವಲ್ಲವೆಂಬುದು ಕ್ಲೆಮ್‌ಗೊಬ್ಬನಿಗೇ ಗೊತ್ತಿತ್ತು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬಾಗಿಲ ಗಂಟೆ ಟಣ್ ಎಂದಿತು. ಅರವತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸೊಬ್ಬಳು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ ಒಳಗೆ ಬಂದಳು.

"ಏನ್ರೀ, ಊರಿಗೆ ಊರೇ ಸತ್ತಂಗಿದೆ!"

"ಹೋದ ವಾರ ಬಂದಿದ್ರೆ ನಿಮಗೆ ನಿಲ್ಲೋಕೂ ಜಾಗ ಸಿಗ್ತಿರಲಿಲ್ಲ."

"ಅದಕ್ಕೇ ಬರಲಿಲ್ಲ. ನಾನು ನುಡಿಸೋದು ಕೇಳಿದ್ರೆ ಜನ ನಿಲ್ಲಿಸು ತಾಯಿ ಅಂತ ದುಡ್ಡು ಹಾಕ್ತಾರೆ."

ಅವಳ ಹೆಸರು ನೊಲೀನ್. ಬರಾಬಾ ಎಂಬ ಊರಿನವಳು. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿ ಕ್ರಿಸ್‌ಮಸ್‌ಗೆ ನಿವೃತ್ತಳಾಗಿದ್ದಳು. ಇದನ್ನೆಲ್ಲ ಅವನು ಕೇಳದೆಯೇ ಹೇಳಿದಳು. ಅಷ್ಟೂ ವರ್ಷ ಬಸ್ಸಿನಲ್ಲಿ ಕೋರಲ್‌ಳ ಕ್ಯಾಸೆಟ್ಟೇ. "ಮಕ್ಕಳು ಕಿವಿ ಮುಚ್ಕೊಳ್ಳೋವು, ಪಿಶಾಚಿಗಳು. ಮೊನ್ನೆ ಬೀಳ್ಕೊಡೋವಾಗ ಅವೇ ನಿಂತು ಅದೇ ಹಾಡು ಹಾಡಿದ್ವು." ಆಮೇಲೆ ಗೋಡೆಯತ್ತ ಗಲ್ಲ ಎತ್ತಿದಳು. "ಅದು. ನಿಜ ಹೇಳ್ಬೇಕು ನೀವು. ಅಷ್ಟು ಹೆಚ್ಚಿನ ದುಡ್ಡಿಗೆ ತಕ್ಕದ್ದಾ?"

ಕ್ಲೆಮ್ ತನ್ನ ಮಾಮೂಲು ಮಾತು ಹೇಳಿದ. ಹೆಸರೇನು ನುಡಿಯುತ್ತಾ ಎನ್ನುವಲ್ಲಿ ಅವಳು ನಗಲಿಲ್ಲ.

"ಅದು ನಂಗೂ ಗೊತ್ತು ಬಿಡಿ. ನನ್ನ ಬಸ್ಸಿನ ಮೇಲೂ ಇಷ್ಟುದ್ದ ಕಂಪನಿ ಹೆಸರಿತ್ತು. ಓಡಿಸ್ತಿದ್ದವಳು ನಾನು. ಇಳಿಸಿ, ನೋಡೋಣ."

ಅವನು ಸ್ಟೂಲು ಹತ್ತಿ ಇಳಿಸಿದ. ಒರೆಸಿದ. ಶ್ರುತಿ ಮಾಡಿದ. ಬೇಕೆಂದಲ್ಲ, ಆದರೂ ನಿಧಾನವಾಗಿ ಮಾಡಿದ. ಮೊದಲು ಹೆಸರಿಲ್ಲದ್ದನ್ನು ಕೊಟ್ಟ, ಆಮೇಲೆ ಇದನ್ನು. ನೊಲೀನ್ ಕಣ್ಣು ಮುಚ್ಚಿಕೊಂಡು ನುಡಿಸಿದಳು. ಅವಳು ಹೇಳಿಕೊಂಡಷ್ಟು ಕೆಟ್ಟದಾಗೇನೂ ಇರಲಿಲ್ಲ. ನಡುವೆ ನಿಲ್ಲಿಸಿ, ಕುತ್ತಿಗೆಯ ಹಿಂಬದಿಯನ್ನು ಹೆಬ್ಬೆರಳಿನಿಂದ ತಡವಿದಳು.

"ಇಲ್ಲೇನೋ ಇದೆ. ಎರಡನೇ ಮೆಟ್ಟಿನ ಹಿಂದೆ. ತಗ್ಗು. ಯಾರೋ ಹೆಚ್ಚು ಉಜ್ಜಿಬಿಟ್ಟಿದಾರೆ. ಅದರಲ್ಲಿ ಇಲ್ಲವಲ್ಲ ಇದು?"

ಹೌದು, ಕಾರ್ಖಾನೆಯ ತಪ್ಪು, ಆ ಇನ್ನೊಂದನ್ನೇ ತೆಗೆದುಕೊಳ್ಳಿ ಎಂದರೆ ಮುಗಿಯಿತು. ಗಿಟಾರು ಮತ್ತೆ ಗೋಡೆಗೆ ಏರುತ್ತದೆ. ಹಿಂದೆ ಇಬ್ಬರಿಗೆ ಅವನು ಹಾಗೇ ಹೇಳಿದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೊಲೀನ್ ಓಡಿಸ್ತಿದ್ದವಳು ನಾನು ಎಂದದ್ದು ಇನ್ನೂ ಅವನ ಕಿವಿಯಲ್ಲಿತ್ತು.

ಹತ್ತೊಂಬತ್ತು ವರ್ಷ ಅವನು ಕೋರಲ್‌ಳ ಜೊತೆ ಊರೂರು ತಿರುಗಿದ್ದ. ಅವಳ ಗಿಟಾರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಒಂದು ಸಲ ಕನ್ನಮಲ್ಲಾದಲ್ಲಿ ಬಿರುಗಾಳಿಗೆ ವ್ಯಾನಿನ ಬಾಗಿಲು ಬಡಿದು ಅವಳ ಎಡಗೈ ಹೆಬ್ಬೆರಳು ಮುರಿಯಿತು. ಆರು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಬೆರಳು ಒಳಕ್ಕೆ ಬಾಗಿ ಹಾಗೇ ಕೂಡಿಕೊಂಡಿತ್ತು. ಗಿಟಾರಿನ ಕುತ್ತಿಗೆ ಹಿಡಿತಕ್ಕೆ ಸಿಗದಾಯಿತು. ಅವಳು ಗಿಟಾರನ್ನು ತಂದು ಅವನ ಮುಂದಿಟ್ಟು "ಕ್ಲೆಮ್" ಎಂದಳು.

ಚಾರ್ಲ್‌ವಿಲ್‌ನ ವ್ಯಾನು ತಂಗುದಾಣದಲ್ಲಿ, ಒಂದು ಮರದ ನೆರಳಿನಲ್ಲಿ, ಮೂರು ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತರು. ಕುತ್ತಿಗೆಯ ಹಿಂಬದಿಗೆ ಅವನು ಬಡಗಿಗಳ ನೀಲಿ ಸೀಮೆಸುಣ್ಣ ಬಳಿಯುವುದು, ಅವಳು ಹಿಡಿಯುವುದು, ಬಿಡುವುದು. ಬಣ್ಣ ಎಲ್ಲಿ ಅವಳ ಬೆರಳಿಗೆ ಅಂಟಿತೋ ಅಲ್ಲಿ ಅವನು ಕೂದಲೆಳೆಯಷ್ಟು ಮರ ಹೆರೆಯುವುದು. ಹಿಡಿ. ಬಿಡು. ಹಿಡಿ. ಬಿಡು. ಆ ಮೂರು ದಿನ ಅವರು ಆಡಿದ ಮಾತು ಅಷ್ಟೇ. ಮೂರನೇ ದಿನ ಸ್ವರ ಸ್ವಚ್ಛವಾಗಿ ಹೊಮ್ಮಿತು. ಕೋರಲ್ ಅದು ಪೂರ್ತಿ ಅಡಗುವವರೆಗೆ ಕಾದಳು. ಆಮೇಲೆ ತನ್ನ ನೀಲಿ ಹೆಬ್ಬೆರಳನ್ನು ಅವನ ಮುಂಗೈ ಮೇಲೆ ಒತ್ತಿ, ಎದ್ದು ಹೋದಳು.

ಅದರ ಮುಂದಿನದೇನೋ ಬರುತ್ತದೆಂದು ಅವನು ಕಾದ. ಬಂದದ್ದು ಮುಂದಿನ ಊರು.

ಕೆಲವು ವರ್ಷಗಳ ಮೇಲೆ ಕಾರ್ಖಾನೆಯವರು ಅವಳ ಹೆಸರಿನಲ್ಲಿ ಗಿಟಾರು ತರುತ್ತೇವೆಂದು ಅದೇ ಹಳೆಯ ಗಿಟಾರನ್ನು ಒಯ್ದು ಇಂಚಿಂಚೂ ಅಳೆದರು. ದೊಡ್ಡವರ ವಾದ್ಯದಲ್ಲಿ ಏನಿದ್ದರೂ ಅದು ನಾದದ ಗುಟ್ಟೇ ಇರಬೇಕೆಂದು ನಂಬಿ, ಮುರಿದ ಬೆರಳಿನ ತಗ್ಗನ್ನೂ ಬಿಡದೆ ಇನ್ನೂರು ಗಿಟಾರುಗಳಲ್ಲಿ ಇಳಿಸಿದರು. ಬಿಡುಗಡೆಯ ದಿನ ಒಬ್ಬ ವರದಿಗಾರ ಕೇಳಿದ, ಈ ಕುತ್ತಿಗೆ ಯಾರ ಯೋಚನೆ? ಕೋರಲ್ ಸಭೆಯಾಚೆ, ವೈರುಗಳ ನಡುವೆ ನಿಂತಿದ್ದ ಕ್ಲೆಮ್‌ನನ್ನು ನೋಡಿದಳು. "ಅದು ಹಾಗೇ ಆಯ್ತು" ಎಂದಳು.

ಅವನ ಹೆಸರು ಹೇಳಲಿಲ್ಲ. ಅದು ತಮ್ಮಿಬ್ಬರದೇ ಆಗಿರಲೆಂದು ಬಚ್ಚಿಟ್ಟಳೋ, ಅಥವಾ ಹೇಳುವಂಥದ್ದೇನೂ ಅಲ್ಲ ಎಂದುಕೊಂಡಳೋ? ಕೆಲವು ದಿನ ಅವನಿಗೆ ಮೊದಲನೆಯದು ನಿಜವೆನಿಸುತ್ತಿತ್ತು, ಉಳಿದ ದಿನ ಎರಡನೆಯದು. ಕೇಳಬಹುದಿತ್ತು. ಕೇಳುವ ಮೊದಲೇ ಅವಳು ಹೋದಳು.

"ತಪ್ಪಲ್ಲ ಅದು," ಕ್ಲೆಮ್ ಹೇಳಿದ. ನೊಲೀನ್‌ಳ ಹೆಬ್ಬೆರಳು ಇನ್ನೂ ಆ ತಗ್ಗಿನಲ್ಲೇ ಇತ್ತು. "ಅದನ್ನ ಮಾಡಿದ್ದು ನಾನು."

ಅವನು ಬಾಗಿಲು, ಬೆರಳು, ಸೀಮೆಸುಣ್ಣ ಇಷ್ಟನ್ನು ಹೇಳಿದ. ಮುಂಗೈಯ ವಿಷಯ ಹೇಳಲಿಲ್ಲ. ನೊಲೀನ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದಳು.

"ಅಂದ್ರೆ, ಇದಕ್ಕೂ ಅದಕ್ಕೂ ಇರೋ ವ್ಯತ್ಯಾಸ ಹೆಸರಲ್ಲ."

"ಅಲ್ಲ."

"ಏಳು ವರ್ಷದಿಂದ ಜನಕ್ಕೆ ಸುಳ್ಳು ಹೇಳ್ಕೊಂಡು ಕೂತಿದೀರಿ."

"ಹೌದು."

"ಇದು ಎಲ್ಲೂ ಹೋಗಬಾರದು ಅಂತ."

ಕ್ಲೆಮ್ ಮೇಜಿನ ಮೇಲಿದ್ದ ಬಟ್ಟೆ ಮಡಿಸಿದ. ಗೋಡೆಯ ಫ್ಯಾನು ಒಂದು ಸುತ್ತು ಆ ಕಡೆ ತಿರುಗಿ ಈ ಕಡೆಗೆ ಬಂತು.

"ಕೋರಲ್ ಅವರಿಗೆ ಗೊತ್ತಿತ್ತಾ?" ಎಂದಳು ನೊಲೀನ್.

"ಏನು?"

"ಏನಿಲ್ಲ ಬಿಡಿ." ಅವಳು ಗಿಟಾರನ್ನು ನೆಟ್ಟಗೆ ಎತ್ತಿಕೊಂಡಳು. "ನಾನು ಇದನ್ನೇ ತಗೋತೀನಿ. ಹೀಗೇ ಇರಲಿ. ನನ್ನ ಬೆರಳು ಒಗ್ಗಿಕೊಳ್ಳುತ್ತೆ."

ಅವಳು ಮತ್ತೆ ನುಡಿಸತೊಡಗಿದಳು. ಕ್ಲೆಮ್ ಅವಳ ಎಡಗೈ ನೋಡಿದ. ತಗ್ಗು ಬಂದಲ್ಲೆಲ್ಲ ಹೆಬ್ಬೆರಳು ಬೆದರಿದಂತೆ ಸರಿಯುತ್ತಿತ್ತು, ಮಣಿಕಟ್ಟು ತಿರುಚಿಕೊಳ್ಳುತ್ತಿತ್ತು, ಒಂದು ತಂತಿ ಸರಿಯಾಗಿ ಒತ್ತದೆ ಗುಂಯ್‌ಗುಡುತ್ತಿತ್ತು. ಒಂದು ತಿಂಗಳಿಗೆ ಕೈ ನೋಯುತ್ತದೆ. ಎರಡು ತಿಂಗಳಿಗೆ ಗಿಟಾರು ಪೆಟ್ಟಿಗೆಯೊಳಗೆ, ಪೆಟ್ಟಿಗೆ ಮಂಚದ ಕೆಳಗೆ. ನಲವತ್ತು ವರ್ಷದಲ್ಲಿ ಅಂಥ ಎಷ್ಟನ್ನೋ ಅವನು ನೋಡಿದ್ದ. ಹಾಗೆ ನೋಡಿದರೆ ತನ್ನ ಗೋಡೆಯ ಮೇಲೆ ಅದು ಇದ್ದದ್ದೂ ಹಾಗೆಯೇ, ನುಡಿಯದೆ.

"ಒಗ್ಗಲ್ಲ," ಎಂದ. "ಕೊಡಿ ಇಲ್ಲಿ."

ಕೆಳಗಿನ ಡ್ರಾಯರಿನಿಂದ ನೀಲಿ ಸೀಮೆಸುಣ್ಣ ತೆಗೆದ.

"ಏ, ಬೇಡ ಮಾರಾಯ್ರೇ! ಅದು ಅವರ ಬೆರಳಿನ ಗುರುತು."

"ಅವಳ ಕೈಗೆ ಅಂತ ಹೆರೆದದ್ದು. ಈಗ ಹಿಡಿಯೋ ಕೈ ನಿಮ್ಮದು." ಸೀಮೆಸುಣ್ಣ ಬಳಿದು ಮುಂದೆ ಹಿಡಿದ. "ಹಿಡೀರಿ."

ಅವಳು ಹಿಡಿದಳು.

"ಬಿಡಿ."

ತಗ್ಗನ್ನು ತುಂಬಲು ಬರುವುದಿಲ್ಲ. ಮರ ಒಮ್ಮೆ ಹೋದರೆ ಹೋಯಿತು. ಸುತ್ತಲಿನ ದಿಬ್ಬವನ್ನು ಅದರ ಮಟ್ಟಕ್ಕೆ ಇಳಿಸುತ್ತ ಬರಬೇಕು, ತಗ್ಗು ತಗ್ಗಾಗಿ ಉಳಿಯದಂತೆ. ಉಕ್ಕಿನ ಪಟ್ಟಿಯಿಂದ ಹೆರೆದ, ಉಪ್ಪುಕಾಗದದಿಂದ ಉಜ್ಜಿದ, ಮತ್ತೆ ಬಳಿದ. ಹಿಡೀರಿ. ಬಿಡಿ. ಮೂರು ಗಂಟೆಯ ಹೊತ್ತಿಗೆ ಅವನ ಏಪ್ರನ್ನಿನ ಮೇಲೆ ತಿಳಿಗಂದು ಪುಡಿ ಬಿದ್ದಿತ್ತು. ಕೊನೆಯ ಸಲ ಅವನು ತನ್ನ ಹೆಬ್ಬೆರಳನ್ನು ಮೇಲಿನಿಂದ ಕೆಳಗೆ ಹಾಯಿಸಿದ. ಎಲ್ಲೂ ತಡೆಯಲಿಲ್ಲ. ಆ ಗಳಿಗೆಯಲ್ಲಿ ಎದೆಯಲ್ಲೇನೋ ಆಗುತ್ತದೆಂದು ಮಧ್ಯಾಹ್ನದಿಂದ ಹೆದರಿದ್ದ. ಏನೂ ಆಗಲಿಲ್ಲ. ಎಣ್ಣೆ ಸವರಿ, ಒರೆಸಿ, ಕೊಟ್ಟ.

ಅವಳು ನಿಧಾನದ್ದೊಂದನ್ನು ನುಡಿಸಿದಳು. ತಂತಿ ಗುಂಯ್‌ಗುಡಲಿಲ್ಲ. ಮುಗಿದ ಮೇಲೆ ತನ್ನ ಬೆರಳು ನೋಡಿಕೊಂಡಳು.

"ಈ ನೀಲಿ ಹೋಗುತ್ತಾ?"

"ಸೋಪಿಗೆ ಹೋಗುತ್ತೆ."

"ಸರಿ, ಈಗ ಹೇಳಿ. ತಕ್ಕದ್ದಾ?"

ಕ್ಲೆಮ್‌ಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. "ಇಷ್ಟು ವರ್ಷ ಹೇಳಿದ ಸುಳ್ಳು ಈಗ ನಿಜವಾಯ್ತು ನೋಡಿ. ಈಗ ವ್ಯತ್ಯಾಸ ಅಂತ ಇದ್ರೆ ಹೆಸರೊಂದೇ. ಆ ಇನ್ನೊಂದರ ಬೆಲೆ ಕೊಡಿ, ಸಾಕು."

"ಹೋಗ್ರೀ." ನೊಲೀನ್ ಕಾರ್ಡು ತೆಗೆದು ಸಹಿಯ ಗಿಟಾರಿನ ಪೂರ್ತಿ ಬೆಲೆಯನ್ನೇ ಯಂತ್ರದಲ್ಲಿ ಒತ್ತಿಸಿದಳು. "ಹೆಚ್ಚಿನದು ಹೆಸರಿಗಲ್ಲ. ಓಡಿಸಿದವರಿಗೆ."

ಗಂಟೆ ಮತ್ತೊಮ್ಮೆ ಟಣ್ ಎಂದಿತು. ಪೆಟ್ಟಿಗೆ ಹೊತ್ತು ಅವಳು ಬಿಸಿಲಿನಲ್ಲಿ ಬೀದಿ ದಾಟುವುದನ್ನು, ಗ್ರೇಮ್ ಬೇಕರಿಯ ಬಾಗಿಲಲ್ಲಿ ಬಾಯಿಬಿಟ್ಟು ನಿಂತಿರುವುದನ್ನು ಕ್ಲೆಮ್ ಗಾಜಿನಾಚೆ ನೋಡಿದ. ಗೋಡೆಯ ಮೇಲೆ ಬಣ್ಣ ಮಾಸದ ಒಂದು ಗಿಟಾರಿನಾಕಾರ ಉಳಿದಿತ್ತು. ಪಕ್ಕದ್ದನ್ನು ಇಳಿಸಿ ಕುತ್ತಿಗೆ ಹಿಡಿದು ನೋಡಿದ. ದುಂಡಗಿತ್ತು, ನುಣುಪಾಗಿತ್ತು, ಯಾರ ಕೈಯದೂ ಆಗಿರಲಿಲ್ಲ. ಮತ್ತೆ ಅದರ ಕೊಕ್ಕೆಗೇ ಹಾಕಿದ.

ಆಮೇಲೆ ಸ್ಟೂಲಿನ ಮೇಲೆ ಕೂತ. ನಾಳೆ ಯಾರಾದರೂ ಬಂದರೆ ತನ್ನನ್ನು ಕೇಳಲು ತಕ್ಕದ್ದಾ ಎಂಬ ಆ ಒಂದು ಪ್ರಶ್ನೆಯೂ ಇರುವುದಿಲ್ಲ. ಮುಂಗೈಯನ್ನು ಮಗುಚಿ ನೋಡಿದ. ಮರದ ಪುಡಿ ಅಂಟಿತ್ತು. ಅದನ್ನು ಊದಿ, ಬಾಗಿಲಿನತ್ತ ನೋಡುತ್ತ ಕೂತ.