ಖರಡೆಗಾವದ ಇತಿಹಾಸ

"ಮತ್ತೊಮ್ಮಿ ಓದು," ಅಂದಳು ಚಂದವ್ವ.

ಸಂಜನಾ ಮರಾಠಿಯ ಆ ಸಾಲನ್ನು ಇನ್ನೊಮ್ಮೆ ಓದಿ, ತನಗೆ ಬರುವಷ್ಟು ಕನ್ನಡದಲ್ಲಿ ತಾಯಿಗೆ ತಿಳಿಸಿದಳು. ಕೆರೆ ದಂಡೆಯ ಗುಡಿಸಲುಗಳನ್ನು ಹೊರಗಿನವರು 2012ರಲ್ಲಿ ಅತಿಕ್ರಮಿಸಿ ಹಾಕಿದರು ಎಂದಿತ್ತು. ಖರಡೆಗಾವದ ಪಂಚಾಯತಿ ಮಹಾನಗರಪಾಲಿಕೆಯಲ್ಲಿ ಸೇರಿಹೋದ ನೆನಪಿಗೆ ವಾರ್ಡ್ ಕಚೇರಿಯವರು ಹಂಚಿದ ಊರಿನ ಇತಿಹಾಸದ ಪುಸ್ತಕ ಅದು. ಎಂಟು ಪುಟಗಳ ತುಂಬ ಸರಪಂಚರ ಫೋಟೋಗಳು, ಒಂಬತ್ತನೆಯದರಲ್ಲಿ ಈ ಸಾಲು. ಎರಡು ಸಾವಿರದ ಇಸವಿಗೆ ಮೊದಲು ಬಂದವರಿಗಷ್ಟೇ ಬದಲಿ ಮನೆ, ಉಳಿದವರು ಜಾಗ ಖಾಲಿ ಮಾಡಬೇಕು ಎಂಬ ನೋಟಿಸು ಹಿಂದಿನ ವಾರವೇ ಬಂದಿತ್ತು.

ಚಂದವ್ವ ಗಂಡ ಬಾಲಪ್ಪನ ಜೊತೆ ಕಲಬುರಗಿ ಕಡೆಯಿಂದ ಬಂದದ್ದು 1991ರಲ್ಲಿ. ಪಂಚಾಯತಿ ಕಚೇರಿಯ ಗೋಡೆಗೆ ಇಟ್ಟಿಗೆ ಹೊತ್ತವಳು ಅವಳು. ಕಟ್ಟಡ ಮುಗಿದ ಮೇಲೆ ದಿನಾ ಅದರ ಕಸ ಗುಡಿಸಿದವಳೂ ಅವಳೇ. ಪುಸ್ತಕ ಬರೆದ ಅಂಬಾದಾಸ ಅದೇ ಪಂಚಾಯತಿಯಲ್ಲಿ ಇಪ್ಪತ್ತಾರು ವರ್ಷ ಕಾರಕೂನನಾಗಿದ್ದವನು. ಅಕ್ಕಲಕೋಟೆಯವನು, ಕನ್ನಡ ಮಾತಾಡುವವನು, ಮಧ್ಯಾಹ್ನ ಅವಳ ಬುತ್ತಿಯ ಜೋಳದ ರೊಟ್ಟಿ ಕೇಳಿ ತಿಂದವನು. ಗೊತ್ತಿಲ್ಲದವನಾರೋ ಬರೆದಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮರುದಿನ ಮಗಳನ್ನು ಕರೆದುಕೊಂಡು, ಹಳೆಯ ಪಂಚಾಯತಿ ಕಟ್ಟಡದಲ್ಲೇ ಇದ್ದ ವಾರ್ಡ್ ಕಚೇರಿಗೆ ಹೋದಳು. "ಜಾನೇ ದೋ ನಾ ಅವ್ವಾ, ಬಿಟ್ಟುಬಿಡು," ಎಂದು ಸಂಜನಾ ದಾರಿಯುದ್ದಕ್ಕೂ ಸೆರಗು ಜಗ್ಗಿದಳು. ಅಂಬಾದಾಸ ಅಲ್ಲೇ ಅಧಿಕಾರಿಯ ಎದುರು ಚಹಾ ಕುಡಿಯುತ್ತ ಕೂತಿದ್ದ. ನಿವೃತ್ತನಾದರೂ ಹಳೆಯ ಕಾಗದಪತ್ರದ ವಿಷಯಕ್ಕೆ ಅವನನ್ನೇ ಕರೆಸುತ್ತಿದ್ದರು. ಅಧಿಕಾರಿ ಹೊಸಬ, ಠಾಣೆ ಶಹರದವನು. ಎರಡು ಸಾವಿರಕ್ಕೆ ಮೊದಲೇ ಬಂದದ್ದಕ್ಕೆ ಅವನು ಪುರಾವೆ ಕೇಳಿದ. ಮನೆ ತೆರಿಗೆಯ ರಸೀದಿಗಳು 2005ರ ಮಹಾಪೂರದಲ್ಲಿ ಗುಡಿಸಲಿನ ಜೊತೆಗೇ ಹೋದವೆಂದು ಸಂಜನಾ ತಲೆ ತಗ್ಗಿಸಿ ಹೇಳಿದಳು. ಪಂಚಾಯತಿಯ ರಿಜಿಸ್ಟರುಗಳೂ ಅದೇ ನೀರಿನಲ್ಲಿ ಹೋದವು ಎಂದ ಅಂಬಾದಾಸ. ಆಮೇಲೆ ಚಂದವ್ವನ ಕಡೆ ವಾಲಿ ಕನ್ನಡದಲ್ಲಿ ಮೆಲ್ಲಗೆ ಅಂದ:

"ಸಿಟ್ಟಾಗಬ್ಯಾಡ ಚಂದವ್ವ. ಅವರು ಬರಿ ಅಂದಿದ್ದು ಬರ್ದೀನಿ. ಕೆರಿ ದಂಡಿ ಜಾಗ ದೊಡ್ಡವರಿಗಿ ಬೇಕಾಗ್ಯದ."

ಚಂದವ್ವ ಅವನ ಕುರ್ಚಿಯ ಎದುರಿಗೆ ಬಂದು ನಿಂತಳು.

"ರಿಜಿಸ್ಟರ್ ನೀರಾಗ ಹೋದ್ವು? ಎದಿಮಟ ನೀರಾಗ ತಲಿಮ್ಯಾಲ ಹೊತ್ತು ಸಾಲಿ ಮಾಳಗಿಗಿ ಒಯ್ದಾಕಿ ನಾನು. ಅತ್ಲಾಗ ನನ್ನ ಮನಿ ಬೀಳ್ಲತ್ತಿತ್ತು. ಮೊದಲ ದಫ್ತರ, ಮೊದಲ ದಫ್ತರ ಅಂತ ಮ್ಯಾಲ ನಿಂತು ಒದರಿದವರು ಯಾರ್ರಿ?"

ಅಂಬಾದಾಸ ಚಹಾದ ಕಪ್ಪು ಕೆಳಗಿಟ್ಟ. ಸಂಜನಾ ಮೊದಲ ಸಲ ತಲೆ ಎತ್ತಿ, ಒಂದು ಮಾತೂ ಬಿಡದೆ ಅಧಿಕಾರಿಗೆ ಮರಾಠಿಯಲ್ಲಿ ಹೇಳಿದಳು. ಜಾಗ ದೊಡ್ಡವರಿಗೆ ಬೇಕಾಗಿದೆ ಎಂಬುದನ್ನೂ ಹೇಳಿದಳು.

ಆ ಕೊನೆಯ ಮಾತು ಕೇಳಿಸಲೇ ಇಲ್ಲವೆಂಬಂತೆ ಅಧಿಕಾರಿ ಜವಾನನನ್ನು ಶಾಲೆಗೆ ಅಟ್ಟಿದ. ಚಂದವ್ವನಿಗೆ ಕೂರಲು ಹೇಳಿದರು. ಅವಳು ಕೂರಲಿಲ್ಲ. ಗಂಟೆಯ ಮೇಲೆ ಜವಾನ ಆಟೋದಿಂದ ರಿಜಿಸ್ಟರುಗಳ ಎರಡು ಗಂಟು ಇಳಿಸಿದ. 1994ರ ರಿಜಿಸ್ಟರಿನಲ್ಲಿ ಕೆರೆ ದಂಡೆಯ ನಲವತ್ತಮೂರು ಮನೆಗಳಿದ್ದವು. ಏಳನೆಯದು ಬಾಲಪ್ಪನದು. ಪ್ರತಿ ಪುಟದ ಬುಡದಲ್ಲೂ ಅಂಬಾದಾಸನ ಸಹಿ.

ಹೊಸದಾಗಿ ಸರ್ವೆ ಆಗುವತನಕ ನೋಟಿಸು ತಡೆಯುತ್ತೇನೆ, ಮುಂದಿನದು ಮೇಲಿನವರ ಕೈಯಲ್ಲಿದೆ ಎಂದ ಅಧಿಕಾರಿ. ಹೆಸರುಗಳನ್ನು ಓದಿ ಬರೆಸಲು ಅಂಬಾದಾಸನಿಗೇ ಹೇಳಿದ. ಪುಸ್ತಕ ಮತ್ತೆ ಅಚ್ಚಾಗುವಾಗ ತಿದ್ದುತ್ತೇನೆಂದು ಅಂಬಾದಾಸ ಗೊಣಗಿದ.

ಅವನು ಓದತೊಡಗಿದ. ಏಳನೆಯ ಹೆಸರು ಬಂದಾಗ ಅವಳು ಗೋಡೆಯ ಕಡೆ ನೋಡಿದಳು. ಹನ್ನೆರಡನೆಯದು ಓದಿ ಅವನು ನಿಲ್ಲಿಸಿದ. ನೀರಿನ ಲೋಟಕ್ಕೆ ಕೈ ಚಾಚಿದ. ಚಂದವ್ವ ಲೋಟ ಎತ್ತಿ ಕಿಟಕಿಯಲ್ಲಿಟ್ಟಳು.

"ಮುಂದಿಂದು ಓದ್ರಿ," ಅಂದಳು.

ಅಂಬಾದಾಸ ಹಾಳೆಗೆ ಅಂಟಿದ್ದ ಒಣಮಣ್ಣನ್ನು ಉಗುರಿನಿಂದ ಕೆರೆದು, ಹದಿಮೂರನೆಯ ಹೆಸರು ಓದಿದ.